ಬಾಕಿ ಚಿಲ್ಲರೆ

ಎಣ್ಣೆ ಹಚ್ಚಬೇಡಿ ಅಂದಿದ್ದೆ. ಹಚ್ಚಿಕೊಂಡೇ ಬಂದಿದ್ದರು
ದೂಮಪ್ಪ ಸಾಲ್ಯಾನರು.
ಸ್ಪಿರಿಟಿನಲ್ಲಿ ಉಜ್ಜಿ, ಅಂಟು ಮೆತ್ತಿ,
ತಲೆಗೊಂದೊಂದೇ ತಂತಿ ಕೂರಿಸಿದೆ.
ಅದಕ್ಕೆ ಮೊದಲು ಕ್ಯಾಂಟೀನಿಗೆ ಇಳಿದವರು
ನಿಮಗೇನಾದರೂ ಬೇಕಾ ಎಂದಿದ್ದರು;
ಐವತ್ತು ಕೊಟ್ಟಿದ್ದೆ, ಬನ್ಸ್ ತಂದಿದ್ದರು.

"ಬಾಯಮ್ಮ, ನಾನು ಕಳ್ಳ ಅಲ್ಲ" ಅಂದರು.
ಯಾರೂ ಕೇಳಿರಲಿಲ್ಲ.
ಮೂವತ್ತು ವರ್ಷ ಒಂದೇ ಬಾಗಿಲಲ್ಲಿ ನಿಂತವರು,
ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆ, ಜ್ಯೋತಿ, ಕಂಕನಾಡಿ, ಪಂಪ್‌ವೆಲ್,
ಜೆಪ್ಪಿನಮೊಗರು, ಸೇತುವೆ, ತೊಕ್ಕೊಟ್ಟು.
ಟಿಕೇಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟು
ಇಳಿಯುವ ಮೊದಲು ತಾವೇ ಕರೆದು ಕೊಡುತ್ತಿದ್ದವರು.
ಈಗ ಬರೆದದ್ದೂ ನೆನಪಿಲ್ಲ, ಮುಖವೂ ನೆನಪಿಲ್ಲ.
ಕಳೆದ ತಿಂಗಳು ಹಳದಿ ಚೂಡಿದಾರದ ಹುಡುಗಿ
ಎಂಬತ್ತು ರೂಪಾಯಿಗೆ
ಇಡೀ ಬಸ್ಸಿನೆದುರು ಅಂದುಬಿಟ್ಟಳಂತೆ.
ಏನೆಂದಳೆಂದು ಹೇಳಲಿಲ್ಲ.

ಹತ್ತೂವರೆಗೆ ದೀಪ ಆರಿಸಿದೆ.

ಗಾಜಿನ ಈಚೆ ನಾನು, ನನ್ನ ಫ್ಲಾಸ್ಕು, ಓಡುವ ಗೆರೆಗಳು.
ಹಗಲೆಲ್ಲ ಮೆದುಳಿನ ಫುಟ್‌ಬೋರ್ಡಿನಲ್ಲಿ ನಿಂತು
ಬೇಗ ಬೇಗ, ಒಳಗೆ ಹೋಗಿ, ಒಳಗೆ ಹೋಗಿ ಎಂದು
ಕಂಡದ್ದನ್ನೆಲ್ಲ ಹತ್ತಿಸಿಕೊಳ್ಳುವ ಅಸಿಟೈಲ್‌ಕೋಲಿನ್
ಈಗ ಸೀಟಿ ಜೇಬಿಗಿಟ್ಟು ಇಳಿಯುತ್ತದೆ.
ಅದು ಇಳಿಯದೆ ಲೆಕ್ಕ ಶುರುವಾಗುವುದಿಲ್ಲ,
ಜನ ಹತ್ತುತ್ತಲೇ ಇದ್ದರೆ ಎಣಿಸುವುದು ಹೇಗೆ?
ಗೆರೆಗಳು ದೊಡ್ಡದಾಗುತ್ತವೆ,
ಸೆಕೆಂಡಿಗೊಂದರಂತೆ ಏರಿ ಇಳಿದು,
ಪಣಂಬೂರಿನಾಚೆ ಅಲೆ ಒಡೆಯುವ ಮೊದಲಿನ ಕಡಲು.
ಅಲೆಯ ನೆತ್ತಿಯಲ್ಲಿ ಒಮ್ಮೊಮ್ಮೆ
ಕದಿರು ತಿರುಗಿದ ಹಾಗೆ ಅರೆಕ್ಷಣದ ನೂಲು.
ಅದರೊಳಗೆ, ನನ್ನ ತಂತಿಗೆ ಎಟುಕದ ಆಳದಲ್ಲಿ,
ಇಂದಿನ ಟ್ರಿಪ್ಪು ಮತ್ತೆ ಓಡುತ್ತದಂತೆ
ಚಿಟಿಕೆ ಹೊಡೆಯುವುದರೊಳಗೆ, ಸಿಗ್ನಲ್ಲಿಲ್ಲ, ಬ್ಲಾಕಿಲ್ಲ,
ಮೀನಿನ ಬುಟ್ಟಿಯವಳಿಗೆ ಐದು, ಕಾಲೇಜು ಹುಡುಗನಿಗೆ ಹನ್ನೆರಡು,
ಚೀಲ ಬಿಚ್ಚಿ, ನೋಟು ನೀವಿ,
ದಿನದ ಕಲೆಕ್ಷನ್ನು ಮಾಲೀಕನ ಕೈಗೆ.

ಓದಿದ್ದು ಹೀಗೆ. ಆ ರಾತ್ರಿ ನೋಡಿದ್ದು ಬೇರೆ.

ಹನ್ನೆರಡೂ ಹತ್ತಕ್ಕೆ ಗೊರಕೆ ಬಿಗಿಯಿತು.
ನಿಂತಿತು.
ಹನ್ನೊಂದು ಸೆಕೆಂಡು, ಇಪ್ಪತ್ತು, ಮೂವತ್ತನಾಲ್ಕು.
ಎದೆ ಏಳಲು ನೋಡುತ್ತದೆ, ಗಂಟಲು ಬಿಡುವುದಿಲ್ಲ.
ಆಗ ಮೆದುಳ ಬುಡದಲ್ಲಿ
ಕುಚ್ಚಲಕ್ಕಿ ಕಾಳಿನಷ್ಟು ನೀಲಿ ಚುಕ್ಕೆಯೊಂದು ಬೆಚ್ಚಿ
ನಾರ್‌ಅಡ್ರಿನಲಿನ್ ಎರಚಿತು.
ಒಳ್ಳೆಯ ನಿದ್ದೆಯಲ್ಲೂ ಎರಚುತ್ತದೆ ಅದು, ಮೆತ್ತಗೆ,
ನಿಮಿಷಕ್ಕೊಮ್ಮೆ ಗೂರ್ಖ ಕೋಲು ಕುಟ್ಟಿಹೋದ ಹಾಗೆ;
ಎರಡು ಕುಟ್ಟಿನ ನಡುವಿನ ಮೌನದಲ್ಲೇ ನೂಲು ತಿರುಗುವುದು.
ಇದು ಮನೆಗೆ ಬೆಂಕಿಬಿದ್ದವರ ಕೂಗು.
ಅಲೆ ಚೂರಾಯಿತು. ನೂಲು ಕಡಿಯಿತು.
ಉಸಿರು ಗೊರ್ರೆಂದು ಒಳನುಗ್ಗಿ
ದೂಮಪ್ಪ ಮಗ್ಗುಲಾದರು, ಎಚ್ಚರವಾಗಲಿಲ್ಲ,
ನಿದ್ದೆಯಲ್ಲೇ "ರೈಟ್ ಪೋಯಿ" ಅಂದರು.
ಚೀಲದ ಎಣಿಕೆ ಮತ್ತೆ ಒಂದರಿಂದ.

ಗಂಟೆಗೆ ನಲವತ್ತೊಂದು ಸಲ.
ನಾನು ಎಣಿಸಿದೆ. ಅದೇ ನನ್ನ ಕೆಲಸ.

ಮೂರೂವರೆಗೆ ಕಣ್ಣು ರೆಪ್ಪೆಯಡಿ ಓಡತೊಡಗಿತು.
ನೀಲಿ ಚುಕ್ಕೆ ಬಾಯಿ ಮುಚ್ಚುವ ಹೊತ್ತು,
ಅಸಿಟೈಲ್‌ಕೋಲಿನ್ ಒಬ್ಬನೇ ಹಿಂತಿರುಗಿ
ಖಾಲಿ ಬಸ್ಸಿಗೆ ಸೀಟಿ ಊದುವ ಹೊತ್ತು,
ಹೆದರಿಸಿದ್ದನ್ನು ಹೆದರಿಕೆಯ ರಸವಿಲ್ಲದೆ
ಇನ್ನೊಮ್ಮೆ ನೋಡಬಹುದಾದ ಹೊತ್ತು.
ಎರಡೇ ನಿಮಿಷ ಸಿಕ್ಕಿತು ಅವರಿಗೆ.
ಆ ಹುಡುಗಿ ಹತ್ತಿದಳೋ ಏನೋ.
ನನ್ನ ಗೆರೆಗಳಲ್ಲಿ ಮುಖ ಮೂಡುವುದಿಲ್ಲ.

ಬೆಳಿಗ್ಗೆ ಅಂಟು ತೊಳೆಯುತ್ತಿರುವಾಗ ಕೇಳಿದರು:
"ಎಲ್ಲಿವರೆಗೆ ಹೋಗಿದ್ದೆ ಬಾಯಮ್ಮ?"
ಜೆಪ್ಪಿನಮೊಗರು ದಾಟಲಿಲ್ಲ ಎನ್ನಬೇಕೆನಿಸಿತು,
ಸೇತುವೆಗೆ ಮೊದಲೇ ನಲವತ್ತೊಂದು ಸಲ ತಿರುಗಿದಿರಿ ಎಂದು.
ಡಾಕ್ಟರರು ಹೇಳುತ್ತಾರೆ ಅಂದೆ.
ಮಾಸ್ಕು, ಗಾಳಿಯ ಪೆಟ್ಟಿಗೆ, ಅದರ ಬೆಲೆ,
ಅದೆಲ್ಲ ಅವರೇ ಹೇಳಲಿ.

ಅವರು ಹೋದ ಮೇಲೆ
ದಿಂಬಿನ ಕವರು ಬದಲಿಸುವಾಗ ಸಿಕ್ಕಿತು
ನಾಲ್ಕು ಮಡಿಕೆಯ ಟಿಕೇಟು.
ಬೆನ್ನಿಗೆ ನೀಲಿ ಪೆನ್ನಿನಲ್ಲಿ, ಒತ್ತಿ ಬರೆದದ್ದು:
ಬಾಯಮ್ಮ ೩೦.

ಎಸೆಯಲಿಲ್ಲ.
ಪರದೆ ಎಳೆದು ಹಗಲು ನಿದ್ದೆ ಮಾಡುವವಳು ನಾನು.
ಎಲ್ಲೋ ಜೋಪಾನವಾಗಿ ಇಟ್ಟೆ,
ಎಲ್ಲಿ ಅಂತ
ಈಗ ನೆನಪಾಗುತ್ತಿಲ್ಲ.